ಬೂಷ್ಟು ಜೋಳದ ದಾನ

ಕೊಡುವವರಿಗೆ ಸಿಗುವ ಮರ್ಯಾದೆ ಎಸೆಯುವವರಿಗೆ ಸಿಗುವುದಿಲ್ಲ. ಅದಕ್ಕೇ ಇರಬೇಕು, ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ರೂಢಿಯಿಲ್ಲ, ಕೊಟ್ಟುಬಿಡುತ್ತೇವೆ. ಕಾಲು ಮುರಿದ ಕುರ್ಚಿ, ಬಣ್ಣ ಬಿಟ್ಟ ಸ್ವೆಟರು, ಮೊನ್ನೆಯ ಹೋಳಿಗೆ, ಎಲ್ಲಕ್ಕೂ ಯೋಗ್ಯ ವ್ಯಕ್ತಿ ಒಬ್ಬ ಸಿಕ್ಕೇ ಸಿಗುತ್ತಾನೆ. ಕಾಳಿನ ವಿಷಯವಂತೂ ಕೇಳಲೇಬೇಡಿ. ಮಸ್ಕಿಯಲ್ಲಿ ನನ್ನ ತಾಯಿ ಮೊರದಿಂದ ಜಾರಿದ ಒಂದು ಕಾಳನ್ನೂ ಬಗ್ಗಿ ಹೆಕ್ಕಿ, ಕಣ್ಣಿಗೊತ್ತಿಕೊಂಡು, ಮತ್ತೆ ಮೊರಕ್ಕೇ ಹಾಕುತ್ತಿದ್ದಳು. ಸೊಂಟ ನೋವೆಂದು ಹೋದಾಗ ಡಾಕ್ಟರು ಬಗ್ಗಬೇಡಿ ಅಂದರೆ, “ಹಂಗಾರ ಕಾಳು ಬಿದ್ರ ನೀವು ಬಂದು ಆರಿಸ್ತೀರೇನ್ರೀ?” ಎಂದು ಅವರನ್ನೇ ಕೇಳಿದ್ದಳು. ಅಂಥ ತಾಯಿಯ ಮಗನಾದ ನಾನು ಈ ಬೇಸಿಗೆಯಲ್ಲಿ ಒಂದು ಚೀಲ ಜೋಳಕ್ಕೆ ಬೂಷ್ಟು ಹಿಡಿಸಿಬಿಟ್ಟೆ.

ಅದು ಸಾಮಾನ್ಯ ಜೋಳವಲ್ಲ, ಮಾವನವರ ಜೋಳ. ನನ್ನ ಹೆಂಡತಿ ಶಾರದೆಯ ತವರು ಗುರುಗುಂಟಾ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅಲ್ಲಿಂದ ಬಿಳಿಜೋಳದ ಚೀಲವೊಂದು ಬಸ್ಸು ಹತ್ತಿ ಸಿಂಧನೂರಿಗೆ ಬರುತ್ತದೆ. ಸುತ್ತಲೂ ಭತ್ತ, ಎತ್ತ ನೋಡಿದರೂ ಅಕ್ಕಿ ಗಿರಣಿ ಇರುವ ಊರಿನಲ್ಲಿ ನಾನು ರೊಟ್ಟಿ ತಿನ್ನುವವನೆಂಬ ಜಂಬ ನನಗೆ. ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಮಧ್ಯಾಹ್ನ ಡಬ್ಬಿ ತೆರೆದಾಗಲೆಲ್ಲ, “ಇದಕ್ಕ ಒಂದು ಹನಿ ಔಷಧ ಹೊಡದಿಲ್ರೀ, ಅಪ್ಪಟ ನೈಸರ್ಗಿಕ” ಎಂದು ಸಹೋದ್ಯೋಗಿಗಳಿಗೆ ಉಪನ್ಯಾಸ ಮಾಡುತ್ತಿದ್ದೆ. ಹುಳ ಬೀಳದಿರಲಿ ಎಂದು ಶಾರದೆ ಚೀಲದಲ್ಲಿಡಲು ಗುಳಿಗೆ ತಂದಾಗ ಅವಳಿಗೂ ಅದೇ ಉಪನ್ಯಾಸವಾಯಿತು. ಗುಳಿಗೆ ಬೇಡ, ತಂಪಾದ ಜಾಗ ಸಾಕು ಎಂದು ಚೀಲವನ್ನು ಹೊತ್ತು ಕೂಲರಿನ ಹಿಂದೆ ನಿಲ್ಲಿಸಿದವನು ನಾನೇ. ಆ ಕೂಲರು ಅಡಿಯಲ್ಲಿ ಸೋರುತ್ತಿತ್ತು. ಯಾವ ತೂಬಿಗೆ ಎಷ್ಟು ನೀರು ಎಂದು ದಿನವಿಡೀ ಬರೆಯುವವನಿಗೆ ತನ್ನ ಮನೆಯ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಿರಲಿಲ್ಲ. ಬೇಸಿಗೆಯುದ್ದಕ್ಕೂ ಕೂಲರಿನ ಗಾಳಿಯಲ್ಲಿ ಒಂಥರಾ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. “ನಿಮ್ಮೂರ ಹೊಲದ ವಾಸನಿ ಬರಾಕತ್ತೈತಿ ನೋಡು” ಎಂದು ನಾನು ಮೂಗರಳಿಸಿ ಹೊಗಳಿದ್ದೂ ಉಂಟು.

ಒಂದು ಬೆಳಿಗ್ಗೆ ಗಿರಣಿಗೆ ಕೊಡಲು ಚೀಲ ಬಿಚ್ಚಿದ ಶಾರದೆ ಕೂಗಿಕೊಂಡಳು. ಜೋಳ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಕಪ್ಪು, ಕೆಳಗಡೆ ಗಡ್ಡೆ ಗಡ್ಡೆ. ಹುಳ ಮಾತ್ರ ಒಂದೂ ಇರಲಿಲ್ಲ. ಅದನ್ನು ನಾನು ಎತ್ತಿ ಹೇಳಿದೆ. ಅವಳು ನೋಡಿದ ನೋಟಕ್ಕೆ ಮುಂದಿನ ಮಾತು ನುಂಗಿಕೊಂಡೆ. “ಎಸದುಬಿಡೋಣೇನು?” ಎಂದು ಮೆಲ್ಲಗೆ ಕೇಳಿದರೆ, “ನಮ್ಮಪ್ಪ ಬೆವರು ಸುರಿಸಿ ಬೆಳದದ್ದು ತಿಪ್ಪಿಗೆ ಹಾಕ್ತೀರೇನ್ರೀ?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸರಿ, ತೊಳೆದೆವು, ಮಾಳಿಗೆಯ ಮೇಲೆ ಒಣಗಿಸಿದೆವು. ನೋಡಲು ಚೆನ್ನಾಗಿಯೇ ಆಯಿತು. ಒಂದೆರಡು ಸೇರು ಬೀಸಿಸಿ ತಂದು ರೊಟ್ಟಿ ಬಡಿದರೆ ಮೊದಲ ತುತ್ತೇ ಕಹಿ. ಇಬ್ಬರೂ ಮುಖ ನೋಡಿಕೊಂಡು ಉಗುಳಿದೆವು. ಎಸೆಯುವಂತಿಲ್ಲ, ತಿನ್ನುವಂತಿಲ್ಲ. ಆಗ ನನಗೆ ಎದುರು ಮನೆಯ ನೀಲಮ್ಮನ ಎಮ್ಮೆ ನೆನಪಾಯಿತು.

ನೀಲಮ್ಮ ನಮ್ಮ ಓಣಿಗೆಲ್ಲ ಹಾಲು ಹಾಕುವವಳು. ಒಂದೇ ಎಮ್ಮೆ. ಅದರ ಮೇಲೇ ಆಕೆ, ಆಕೆಯ ಮಗಳು, ಆಗಷ್ಟೇ ಹೆಜ್ಜೆ ಇಡಲು ಕಲಿತ ಮೊಮ್ಮಗಳ ಸಂಸಾರ ನಡೆಯುತ್ತದೆ. ಅರ್ಧ ಚೀಲ ಜೋಳ ಒಯ್ದು ಕಟ್ಟೆಯ ಮೇಲಿಟ್ಟು, “ಸ್ವಲ್ಪ ಬೂಸ್ರು ಹಿಡದೈತಿ, ಎಮ್ಮಿಗೆ ನಡೀತದಲ್ಲ?” ಎಂದೆ. ಆಕೆ ಎರಡೂ ಕೈ ಜೋಡಿಸಿ, “ಎಷ್ಟ ದೊಡ್ಡ ಮನಸ್ಸು ಸರ ನಿಮ್ದು, ಹಿಂಡಿ ತರಾಕ ಆಗದ ಹೊತ್ತಿನ್ಯಾಗ ದೇವ್ರು ಕೊಟ್ಟಂಗ ಕೊಟ್ರಿ” ಎಂದಳು. ಮರುದಿನದಿಂದ ನಮ್ಮ ಮನೆಗೆ ಬರುವ ಹಾಲಿನ ಅಳತೆ ಧಾರಾಳವಾಯಿತು. ಬೂಷ್ಟು ಕೊಟ್ಟು ಪುಣ್ಯ ಗಳಿಸುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ ಎಂದುಕೊಳ್ಳುತ್ತ ನಾನು ದಪ್ಪ ಹಾಲಿನ ಚಹಾ ಕುಡಿದೆ.

ಅದೇ ಹೊತ್ತಿಗೆ ಲಿಂಗಸುಗೂರಿನಿಂದ ನನ್ನ ಷಡ್ಡಕ ಬಂದ. ಶಾರದೆಯ ತಂಗಿಯ ಗಂಡ, ದನದ ಡಾಕ್ಟರ. ನನ್ನ ದಾನದ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದಂತೆ ಅವನು ಚಹಾದ ಕಪ್ಪನ್ನು ಕೆಳಗಿಟ್ಟ. “ಅಣ್ಣಾರ, ಬೂಸ್ರಿನ ವಿಷ ತೊಳದ್ರ ಹೋಗಂಗಿಲ್ಲ, ಸುಟ್ರೂ ಹೋಗಂಗಿಲ್ಲ. ಎಮ್ಮಿ ತಿಂದ್ರ ಹಾಲಿನ್ಯಾಗ ಇಳೀತದ. ಎರಡು ದಿನಕ್ಕ ಏನೂ ಆಗಂಗಿಲ್ಲ, ದಿನಾ ಕುಡದ್ರ ಲಿವರಿಗೆ ಕುತ್ತು, ಸಣ್ಣ ಕೂಸುಗಳಿಗೆ ಇನ್ನೂ ಜಾಸ್ತಿ. ಲಗೂನ ಹೇಳಿ ನಿಲ್ಲಸ್ರಿ. ನಿಲ್ಲಿಸಿದ ಮ್ಯಾಲ ನಾಕೈದು ದಿನದಾಗ ಹಾಲು ಸುದ್ದ ಆಗ್ತದ” ಎಂದ.

ಲಗೂನ ಹೇಳಬೇಕಿತ್ತು. ಆದರೆ ದೊಡ್ಡ ಮನಸ್ಸಿನವನೆಂದು ಹೊಗಳಿಸಿಕೊಂಡ ಬಾಯಿಂದ ವಿಷ ಕೊಟ್ಟೆ ಅನ್ನುವುದು ಹೇಗೆ? ನಾನು ಬುದ್ಧಿವಂತರ ದಾರಿ ಹಿಡಿದೆ. ಮೊದಲು ನಮ್ಮ ಮನೆಯ ಹಾಲು ಬಿಡಿಸಿದೆ. ಡಾಕ್ಟರು ಹಾಲು ಬೇಡವೆಂದಿದ್ದಾರೆ ಎಂದೆ. ದನದ ಡಾಕ್ಟರ ಎನ್ನಲಿಲ್ಲ, ಅಷ್ಟೇ. ಪೇಟೆಯಿಂದ ಪಾಕೀಟು ಹಾಲನ್ನು ಕಚೇರಿಯ ಕಡತಗಳ ನಡುವೆ ಬಚ್ಚಿಟ್ಟು ತಂದೆ. ಇನ್ನು ಜೋಳ ತಾನಾಗಿಯೇ ಮುಗಿಯಬಹುದು, ಎಮ್ಮೆಯೇ ಬೇಸತ್ತು ಬಿಡಬಹುದು ಎಂದು ಕಾದೆ. ಎಮ್ಮೆಗೆ ಅದು ರುಚಿಸಿತ್ತು. ಮೂರನೆಯ ದಿನ ನೀಲಮ್ಮನೇ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಕ್ಯಾನು, ಸೊಂಟದ ಮೇಲೆ ಮೊಮ್ಮಗಳು. ಮಗುವಿನ ಮೇಲ್ದುಟಿಗೆ ಹಾಲು ಮೀಸೆಯಂತೆ ಅಂಟಿತ್ತು. “ಸರ, ನೀರು ಹಾಕೀನಂತ ಸಂಶ್ಯಾ ಬಂದೈತೇನ್ರೀ? ನನ್ನ ಮೊಮ್ಮಗಳಿಗೂ ಇದನ್ನ ಕುಡಸ್ತೀನಿ, ಆಣಿ ಮಾಡಿ ಹೇಳ್ತೀನಿ” ಎಂದಳು.

ಆ ತುಟಿ ನೋಡಿದ ಮೇಲೆ ನನ್ನ ಬುದ್ಧಿವಂತಿಕೆ ಕೈಕೊಟ್ಟಿತು. ಎಲ್ಲ ಹೇಳಿಬಿಟ್ಟೆ. ಕೂಲರು, ಕಹಿ ರೊಟ್ಟಿ, ಷಡ್ಡಕ, ಪಾಕೀಟು, ಎಲ್ಲ. ನೀಲಮ್ಮ ಮಗುವನ್ನು ಶಾರದೆಯ ಕೈಗಿತ್ತು, ಸೆರಗಿನಿಂದ ಅದರ ಬಾಯಿ ಒರೆಸಿ, ಕ್ಯಾನು ಎತ್ತಿ ಹಾಲನ್ನಷ್ಟೂ ಗಟಾರಕ್ಕೆ ಬಗ್ಗಿಸಿದಳು. ಒಂದು ಚೀಲ ಜೋಳ ಎಸೆಯಲಾರದೆ ಇಷ್ಟು ದಿನ ಒದ್ದಾಡಿದವನು ನಿಂತು ನೋಡಿದೆ. ಓಣಿಯ ಗಟಾರ ಬೆಳ್ಳಗೆ ಹರಿಯಿತು. ನನಗೆ ನಿಜಕ್ಕೂ ಅಳು ಬಂತು.

“ನಾಕೈದು ದಿನದ ಹಾಲಿನ ರೊಕ್ಕ ನಾ ಕೊಡ್ತೀನಿ ನೀಲಮ್ಮ” ಎಂದೆ.

“ಕೊಡ್ರಿ, ಬ್ಯಾಡನ್ನಂಗಿಲ್ಲ,” ಎಂದು ಆಕೆ ಮಗುವನ್ನು ಎತ್ತಿಕೊಂಡಳು. “ಆದ್ರ ಇನ್ನ ಮ್ಯಾಲ ನನಗ ಏನೂ ದಾನ ಕೊಡಬ್ಯಾಡ್ರಿ ಸರ.”

ಎಮ್ಮೆಯ ಮುಂದಿದ್ದದ್ದನ್ನೂ ಚೀಲದಲ್ಲಿ ಉಳಿದದ್ದನ್ನೂ ಆಕೆ ಅಂದೇ ಬಳಿದು ಮಣ್ಣು ಮುಚ್ಚಿದಳು. ನಮ್ಮ ಮನೆಯಲ್ಲಿ ಇನ್ನೂ ಅರ್ಧ ಚೀಲವಿತ್ತು. ಮರುದಿನ ಶಾರದೆ ಅತ್ತ ಮುಖ ಮಾಡಿ ನಿಂತಳು, ನಾನು ಚೀಲ ಹೊತ್ತು ಕಸದ ಗಾಡಿಯ ಹತ್ತಿರ ನಡೆದೆ. ಗಾಡಿಯ ಡ್ರೈವರ್ ಚೀಲದೊಳಗೆ ಇಣುಕಿ, “ಸರ, ಜ್ವಾಳ ಚೆಲ್ಲಾಕತ್ತೀರೇನು? ಕೊಡ್ರಲ್ಲ, ನಮ್ಮ ಮನ್ಯಾಗ ಕೋಳಿ ಅದಾವ” ಎಂದ. ಅವನ ಮುಖದಲ್ಲಿ ಆಗಲೇ ಕೃತಜ್ಞತೆ ಮೂಡಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಕೈ ಅವನ ಕಡೆಗೆ ಅರ್ಧ ಚಾಚಿತ್ತು, “ಒಯ್ಯಪ್ಪ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರು ಕಟ್ಟೆಯ ಮೇಲೆ ಕೂತ ನೀಲಮ್ಮ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಒಳಗೆ ಹೋಗಿ ಫಿನಾಯಿಲ್ ತಂದು ಚೀಲಕ್ಕೆ ಸುರಿದು ಗಾಡಿಗೆ ಹಾಕಿದೆ. ನನಗೆ ಬುದ್ಧಿ ಬಂತೆಂದು ಈಗ ಶಾರದೆ ಎಲ್ಲರಿಗೂ ಹೇಳುತ್ತಾಳೆ. ಅಂದು ನೀಲಮ್ಮ ಮನೆಯೊಳಗಿದ್ದಿದ್ದರೆ ಏನಾಗುತ್ತಿತ್ತು ಎಂಬುದು ನನಗೊಬ್ಬನಿಗೇ ಗೊತ್ತು.