ಮೊಟ್ಟೆ ಇಲ್ಲದ ಬ್ರೌನಿಗೆ ಸಾಕ್ಷಿ ಯಾರು?

ಕೆಲವರ ಮನೆಗೆ ನೆಂಟರು ತಪ್ಪದೆ ಬರ್ತಾರೆ, ನನ್ನ ಹತ್ರ ಫಜೀತಿಗಳು ಬರ್ತವೆ. ಹೇಳದೆ ಕೇಳದೆ ಬಂದು, ಕೂತು, ಉಂಡೇ ಹೋಗ್ತವೆ. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದಿದ್ರೆ ಆ ಸ್ಕೂಲಿಗೆ ಒಳ್ಳೆ ಹೆಸರು ಬರ್ತಿತ್ತು, ಅದರ ಅದೃಷ್ಟದಲ್ಲಿ ಇರಲಿಲ್ಲ. ಈಗ ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ಮಧ್ಯೆ ಮಧ್ಯೆ ಪೆನ್ನು ನಿಲ್ಲಿಸಿ "ನಿಜವಾಗ್ಲೂನಾ ತಾತ?" ಅಂತಾಳೆ. ಎಲ್ಲಾ ನಿಜಾನೇ ಕಣಮ್ಮ, ಒಂದೆರಡು ಕಡೆ ಸ್ವಲ್ಪ ಉಬ್ಬಿರಬಹುದು. ಬೇಕರಿಯವನ ಕೈಯಲ್ಲಿ ಉಬ್ಬದೆ ಇರೋದು ಯಾವುದಿದೆ?

ಬೀದಿ ಖಾಲಿಯಾಗಿದ್ದು

ಮೊದಲು ನಾನು ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟಲ್ಲಿ, ಒಬ್ಬ ಅಮೆರಿಕದ ದೊರೆಸಾನಿ ಮನೇಲಿ ಅಡುಗೆಗಿದ್ದೆ. ಅವಳು ಬ್ರೌನಿ ಅಂತ ಒಂದು ಕಪ್ಪು ಕೇಕು ಮಾಡೋಳು. ಕೋಕೋ ಪುಡಿ, ಬೆಣ್ಣೆ, ಸಕ್ಕರೆ, ಮೈದಾ, ಜೊತೆಗೆ ಮೊಟ್ಟೆ. ನೋಡ್ತಾ ನೋಡ್ತಾ ಕಲಿತೆ. ಅವಳದ್ದಕ್ಕಿಂತ ನನ್ನದೇ ಚೆನ್ನಾಗಿತ್ತು ಅಂತ ಅವಳೇ ಒಪ್ಪಿಕೊಂಡಳು. ಇಂಗ್ಲಿಷಲ್ಲಿ ಹೇಳಿದ್ದು ನನಗೆ ಅರ್ಥ ಆಗಲಿಲ್ಲ, ಆದ್ರೆ ಮುಖ ನೋಡಿದ್ರೆ ತಿಳಿಯಲ್ವೇ?

ಅವಳು ಅವಳ ದೇಶಕ್ಕೆ ಹೊರಟಳು, ನಾನು ಜಯನಗರಕ್ಕೆ ಬಂದೆ. ಆಗಿನ ಜಯನಗರ ಅಂದ್ರೆ ಹಗಲು ಸೈಟು ಅಳೆಯೋರು ಓಡಾಡೋರು, ಕತ್ತಲಾದ್ರೆ ನರಿಗಳು ಅಳೆಯೋವು. ಸಾರಕ್ಕಿ ಗೌಡರು ಅಂತ ಒಬ್ಬರು, ಅವರದೊಂದು ಶೆಡ್ ಬಾಡಿಗೆಗೆ ಹಿಡಿದು, ಇಟ್ಟಿಗೆ ಒಲೆ ಕಟ್ಟಿ ಬೇಕರಿ ಶುರು ಮಾಡಿದೆ. ಮೊದಲನೇ ದಿನದ ಬ್ರೌನಿ ಪರಿಮಳ ಹೊಲ ದಾಟಿ ಹನುಮಂತನಗರದ ಗುಡ್ಡ ಹತ್ತಿ, ಅಲ್ಲಿ ಅರ್ಚಕರು ಮಂಗಳಾರತಿ ಮಧ್ಯೆ ಮಂತ್ರ ಮರೆತು ನಿಂತರಂತೆ.

ಬೀದಿಗೆ ಬೀದಿಯೇ ಅಂಗಡಿ ಮುಂದೆ ಸೇರಿತ್ತು. ಎಲ್ಲರಿಗಿಂತ ಮುಂದೆ ಎದುರು ಮನೆ ರಾಯರು. ಸರ್ಕಾರಿ ಆಫೀಸಲ್ಲಿ ದೊಡ್ಡ ಹುದ್ದೆ, ಹಣೆಗೆ ನಾಮ, ಕೈಯಲ್ಲಿ ಕೊಡೆ. ಅವರು ಕೊಡೆ ಬಿಚ್ಚಿದ್ರೆ ಬೀದಿಯೋರೆಲ್ಲ ಆಕಾಶ ನೋಡೋರು.

"ಏನಯ್ಯ ಇದು, ಸೀದು ಹೋಗಿದೆಯಲ್ಲ?"

"ಸೀದಿಲ್ಲ ಸ್ವಾಮಿ, ಬಣ್ಣಾನೇ ಅದು. ಬ್ರೌನಿ."

"ಮೊಟ್ಟೆ ಗಿಟ್ಟೆ ಹಾಕಿದೀಯೇನು?"

ಅಲ್ಲೇ ನೋಡಿ ಎಡವಟ್ಟಾಗಿದ್ದು. ದಂಡಿನಲ್ಲಿ ಯಾರಾದ್ರೂ ಹಾಗೆ ಕೇಳಿದ್ರೆ, ಮೊಟ್ಟೆ ಕಮ್ಮಿ ಹಾಕಿ ಮೋಸ ಮಾಡ್ತಿದೀಯಾ ಅಂತ ಅರ್ಥ. ನನ್ನಂಥವನ ಮೇಲೆ ಮೋಸದ ಮಾತೇ? ಎದೆ ಸೆಟೆಸಿ ಹೇಳ್ದೆ: "ಧಾರಾಳವಾಗಿ ಹಾಕಿದೀನಿ ಸ್ವಾಮಿ! ಇವತ್ತು ಬೆಳಿಗ್ಗೆ ಇಟ್ಟಿದ್ದು, ಇನ್ನೂ ಬಿಸಿ ಆರಿರಲಿಲ್ಲ!"

ಹೇಳಿ, ತಲೆ ಬಾಗಿಸಿ ಕೈ ಮುಗಿದು, ತಲೆ ಎತ್ತೋದ್ರೊಳಗೆ ಬೀದಿ ಖಾಲಿ. ಒಂದು ನಾಯಿ ಮಾತ್ರ ಉಳಿದಿತ್ತು. ಒಂದು ಚೂರು ಮುರಿದು ಹಾಕಿದೆ. ಮೂಸಿತು, ನನ್ನ ಮುಖ ನೋಡಿತು, ಅದೂ ಹೋಯ್ತು. ಆ ಬೀದೀಲಿ ಮೊಸರನ್ನ ತಿಂದು ಬೆಳೆದ ನಾಯಿ ಅದು.

ದೊರೆಸಾನಿಯ ಗುಂಗುರು ಕೂದಲು

ಸುದ್ದಿ ಗೌಡರ ಕಿವಿಗೆ ಬಿತ್ತು. ಬಂದು ಶೆಡ್ಡಿನ ಒಳಗೆಲ್ಲ ಕಣ್ಣಾಡಿಸಿ, "ದೀಪಾವಳಿ ತನಕ ನೋಡ್ತೀನಿ ಕಣ್ಲಾ. ಅಷ್ಟರಲ್ಲಿ ಯಾಪಾರ ಕುದುರದೆ ಹೋದ್ರೆ ಜಾಗ ಬಿಟ್ಕೊಡು, ಹಿಂಡಿ ಬೂಸಾ ತುಂಬಿಸ್ಕೋತೀನಿ" ಅಂದ್ರು.

ಬೂಸಾಗೋಸ್ಕರ ನನ್ನ ಒಲೆ ಆರಬೇಕೇ? ನನ್ನ ಹೆಂಡತಿ ಒಂದೇ ಮಾತಲ್ಲಿ ದಾರಿ ತೋರಿಸಿದ್ಳು: "ಮೊಟ್ಟೆ ಬಿಟ್ಟು ಮಾಡ್ರೀ."

ಬಿಟ್ಟು ಮಾಡಿದೆ. ಉಪ್ಪಿಟ್ಟಿನ ಹಾಗೆ ಉದುರಿತು. ಅದನ್ನ ಹಿಡಿದು ನಿಲ್ಲಿಸೋ ಅಂಟು ಬೇಕಲ್ಲ, ಬಾಳೆಹಣ್ಣು ಕಿವುಚಿ ಹಾಕಿದೆ. ಸಾರಕ್ಕಿ ಕೆರೆ ಕಡೆಯಿಂದ ಜೇನುಹುಳದ ಹಿಂಡೇ ಎದ್ದು ಬಂದು ಒಲೆ ಬಾಯಲ್ಲಿ ಕೂತ್ಕೊಂಡಿತು. ಬೆಂಡೆಕಾಯಿ ಲೋಳೆ ಹಾಕಿ ನೋಡಿದೆ. ಬ್ರೌನಿ ಗಟ್ಟಿಯಾಗಿ ನಿಂತಿತು, ಆದ್ರೆ ತಿಂದೋರು ಜೊತೆಗೆ ಅನ್ನ ಕೇಳೋ ಹಾಗಿತ್ತು.

ಆಗ ದೊರೆಸಾನಿ ಕೂದಲು ನೆನಪಾಯ್ತು. ಅವಳು ಅಗಸೆ ಬೀಜ ನೀರಲ್ಲಿ ಕುದಿಸಿ, ಆ ಲೋಳೆ ಸೋಸಿ, ಕೂದಲಿಗೆ ಹಚ್ಚಿ ಗುಂಗುರು ಮಾಡ್ಕೊಳ್ಳೋಳು. ಒಂದು ಸಲ ಆಷಾಢದ ಗಾಳಿಗೆ ಅವಳ ಟೋಪಿ ಹಾರಿ ಹಲಸೂರು ಕೆರೆಗೆ ಬಿತ್ತು. ಗಾಡಿ ಮೇಲಿನ ಕಮಾನು ಹಾರಿತು. ಅವಳ ಒಂದು ಗುಂಗುರೂ ಅಲ್ಲಾಡಲಿಲ್ಲ. ಅಂಥ ಕೂದಲನ್ನ ಹಿಡಿಯೋದು, ಮೈದಾ ಹಿಡಿಯಲ್ವೇ?

ಹೆಂಡತಿ ಬಾಯಿ ಮೇಲೆ ಕೈ ಇಟ್ಕೊಂಡಳು. "ತಲೆಗೆ ಹಚ್ಚೋದನ್ನ ಜನರ ಹೊಟ್ಟೆಗೆ ಹಾಕ್ತೀರಾ? ಸೀಗೆಪುಡಿನೂ ತಲೆಗೆ ಹಚ್ತೀವಿ, ಅದನ್ನ ಸಾರಿಗೆ ಹಾಕ್ತೀವಾ?"

"ನಿಮ್ಮಮ್ಮನ ಸಾರು ಉಂಡಾಗೆಲ್ಲ ನನಗೆ ಆ ಅನುಮಾನ ಇತ್ತು" ಅಂದೆ. ಆವತ್ತು ಊಟ ಸಿಗಲಿಲ್ಲ. ಬ್ರೌನಿನೇ ತಿಂದು ಮಲಗಿದೆ.

ಮೊದಲ ಸಲ ಲೋಳೆ ಜಾಸ್ತಿಯಾಗಿತ್ತು ಅನ್ನಿ. ಒಂದು ತುಂಡನ್ನ ಗೌಡರು ಇಳಿಜಾರಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಅಡ್ಡ ಇಟ್ರು. ತುಂಬಿದ ಗಾಡಿ, ಸಂಜೆವರೆಗೂ ಕದಲಲಿಲ್ಲ. ಆಮೇಲೆ ತೆಗೆದು ನೋಡಿದ್ರೆ ಬ್ರೌನಿಗೆ ಏನೂ ಆಗಿಲ್ಲ, ಚಕ್ರದ ಪಟ್ಟಿ ಸವೆದಿದೆ.

ಗೌಡರ ಕೋಳಿ

ಲೋಳೆ ಕಮ್ಮಿ ಮಾಡ್ತಾ ಮಾಡ್ತಾ ಹದ ಸಿಕ್ಕಿತು ನೋಡಿ, ಬ್ರೌನಿ ಅಂದ್ರೆ ಬ್ರೌನಿ! ಮೇಲೆ ಹಪ್ಪಳದಂಥ ತೆಳು ಪದರ, ಒಳಗೆ ಹಲ್ವಾದ ಹಾಗೆ ಮೆತ್ತಗೆ. "ಮೊಟ್ಟೆ ಹಾಕಿಲ್ಲ" ಅಂತ ಬೋರ್ಡು ಬರೆಸಿ ನೇತುಹಾಕಿದೆ. ಬೀದಿ ಮತ್ತೆ ಸೇರಿತು. ಮುಂದೆ ರಾಯರು, ಮಡಿಚಿದ ಕೊಡೆ.

"ಒಂದೂ ಇಲ್ಲವೋ?"

"ಆವತ್ತಿನಿಂದ ಈ ಗೋಡೆಗಳು ಮೊಟ್ಟೆ ಮುಖ ಕಂಡಿಲ್ಲ ಸ್ವಾಮಿ" ಅಂತ ಕೈ ಎತ್ತಿ ಹೇಳ್ತಾ ಇದೀನಿ, ಮೈದಾ ಮೂಟೆ ಹಿಂದಿನಿಂದ ಗೌಡರ ಕೋಳಿ ಎದ್ದು ಬಂತು. ಸುಮ್ನೆ ಬಂತೇ? ಕೊಕ್ಕೊಕ್ಕೋ ಅಂತ ಊರಿಗೆಲ್ಲ ಡಂಗೂರ ಹೊಡ್ಕೊಂಡು, ನನ್ನ ಕಾಲ ಮಧ್ಯೆ ನುಸುಳಿ, ರಾಯರ ಚಪ್ಪಲಿ ಮುಂದೆ ನಿಂತು ಇನ್ನೊಂದು ಸಲ ಕೂಗಿ ಹೋಯ್ತು.

ರಾಯರು ಕೊಡೆ ತುದಿಯಿಂದ ಮೂಟೆ ಸರಿಸಿದ್ರು. ಮೊಟ್ಟೆ.

ಅಷ್ಟರಲ್ಲಿ ಗೌಡರು ಓಡಿ ಬಂದ್ರು. ನನ್ನ ಉಳಿಸೋಕೇ ಬಂದಿದ್ದು, ಪಾಪ. ಆದ್ರೆ ಕಾಣೆಯಾಗ್ತಿದ್ದ ಮೊಟ್ಟೆ ಸಿಕ್ಕ ಖುಷಿಗೆ ಮೊದಲು ಬಾಯಿಂದ ಬಂದಿದ್ದೇ ಬೇರೆ: "ಎಲಾ ಇವಳ! ದಿನಾ ಇಲ್ಲೇನೇ ಇಡ್ತಿದ್ದೆ ನೀನು?"

"ದಿನಾ" ಅನ್ನೋ ಮಾತಿಗೆ ಅರ್ಧ ಬೀದಿ ಮನೆ ಸೇರಿತು. ಗೌಡರಿಗೆ ತಪ್ಪು ಗೊತ್ತಾಗಿ ರಾಯರಿಗೆ ಅಡ್ಡ ಬಂದ್ರು. "ಇವನದೇನೂ ತಪ್ಪಿಲ್ಲ ಬುದ್ದಿ, ಮೊಟ್ಟೆ ಇಟ್ಟಿದ್ದು ನನ್ನ ಕೋಳಿ."

ರಾಯರು ಕೊಡೆ ಬಿಚ್ಚಿ ಹೊರಟರು. "ಗೌಡ್ರೇ, ಇವನೇ ಇಟ್ಟ ಅಂತ ನಾನು ಅಂದ್ನಾ?"

ಒದ್ದೆ ಪಂಚೆ

ದೀಪಾವಳಿ ಹತ್ರ ಬಂತು. ಗೌಡರು ಬೂಸಾ ಮೂಟೆ ಎಲ್ಲಿ ಜೋಡಿಸೋದು ಅಂತ ಗೋಡೆ ಬದಿ ಗೇಣು ಹಾಕೋಕೆ ಶುರು ಮಾಡಿದ್ರು. ನಾನು ಯೋಚನೆ ಮಾಡ್ತಾ ಕೂತಿದ್ರೆ, ಹೆಂಡತಿ ಎದುರು ಮನೆ ಹಿತ್ತಲಿಗೆ ಹೋಗಿ, ಬಾವಿಕಟ್ಟೆ ಹತ್ರ ರಾಯರ ತಾಯಿನ ಹಿಡಿದಳು. ಆ ಅಜ್ಜಿ ಅಂದ್ರೆ ಬೀದಿಗೆಲ್ಲ ಹೆದರಿಕೆ. ಅವರ ಮಡಿ ಸೀರೆ ಒಣಗ್ತಿದೆ ಅಂದ್ರೆ ಕಾಗೆ ಕೂಡ ಬಳಸ್ಕೊಂಡು ಹಾರೋದು. ಅವರು ತಿಂದ್ರು ಅಂದ್ರೆ ಜಯನಗರವೇ ತಿಂದ ಹಾಗೆ.

ಅಜ್ಜಿ ಕೇಳಿಸ್ಕೊಂಡು, "ನನ್ನ ಕಣ್ಣೆದುರು ಮಾಡ್ಲಿ. ನೋಡೇ ಬಿಡ್ತೀನಿ" ಅಂದ್ರಂತೆ.

ಮಾರನೇ ಬೆಳಿಗ್ಗೆ ಬಂದ್ರು. ಹಿಂದೆ ರಾಯರು, ಸೊಸೆ, ಅವರ ಹಿಂದೆ ಬೀದಿ. ಅವರ ಬಾವಿ ನೀರು, ಅವರ ಬೆಣ್ಣೆ, ಅವರ ಸಕ್ಕರೆ, ಪಾತ್ರೆ ಸಮೇತ ಎಲ್ಲ ಅವರದೇ. ಒಲೆ ಮುಂದೆ ಮಣೆ ಹಾಕಿಸಿ ಕೂತ್ರು.

"ಮಡಿಯಲ್ಲಿ ಮಾಡಬೇಕು. ಸ್ನಾನ ಮಾಡಿ ಒದ್ದೆ ಪಂಚೇಲಿ ಬಾ."

ಒದ್ದೆ ಪಂಚೆ ಉಟ್ಟು ಬೇಕರಿ ಒಲೆ ಮುಂದೆ ನಿಂತಿದೀರಾ ಯಾವತ್ತಾದ್ರೂ? ನನ್ನ ಮೈಯಿಂದ ಎದ್ದ ಹಬೆಗೆ ಶೆಡ್ಡೆಲ್ಲ ಮಂಜು. ಪಂಚೆ ಒಣಗಿದ ಕೂಡಲೇ ಅಜ್ಜಿ ಮತ್ತೆ ಒಂದು ಚೊಂಬು ನೀರು ಹುಯ್ಯೋರು. ದಾರಿಯಲ್ಲಿ ಹೋಗ್ತಿದ್ದ ಹೊಸಬನೊಬ್ಬ ಇಣುಕಿ, "ಇಡ್ಲಿ ಆಯ್ತಾ?" ಅಂತ ಕೇಳ್ದ.

ಅಗಸೆ ಕುದ್ದು ಲೋಳೆ ಬಿಟ್ಟಿತು. ಸೌಟಲ್ಲಿ ಎತ್ತಿದ್ರೆ ಬೆಳ್ಳಗೆ ದಾರದ ಹಾಗೆ ಇಳೀತು. ರಾಯರು ಕೂಗಿದ್ರು: "ನೋಡಮ್ಮ! ಮೊಟ್ಟೆ ಒಳಗಿನ ಬಿಳಿ!"

"ಅದು ಹ್ಯಾಗಿರತ್ತೆ ಅಂತ ಇಲ್ಲಿ ಯಾರು ಕಂಡಿದಾರೆ?" ಅಂದ್ರು ಅಜ್ಜಿ. ಬೀದಿಯೋರೆಲ್ಲ ಒಬ್ಬರನ್ನೊಬ್ಬರು ನೋಡ್ಕೊಂಡು, ಕಂಡಿಲ್ಲ ಕಂಡಿಲ್ಲ ಅಂದ್ರು.

ಗೌಡರು ಮುಂದೆ ಬಂದ್ರು. "ನಾನು ಕಂಡಿವ್ನಿ ಅವ್ವಾ. ದಿನಾ ಒಡ್ಕೊಂಡು ತಿಂತೀನಿ. ಇದು ಮೊಟ್ಟೆ ಅಲ್ಲ."

"ನೀವು ಮೊಟ್ಟೆ ತಿನ್ನೋರು, ನಿಮ್ಮ ಮಾತು ಹ್ಯಾಗೆ ನಂಬೋದು?" ಅಂದ್ರು ರಾಯರು.

ನೋಡಿ ಹೇಗಿದೆ! ಮೊಟ್ಟೆ ಗೊತ್ತಿರೋನ ಮಾತು ನಂಬೋ ಹಾಗಿಲ್ಲ, ನಂಬೋ ಅಂಥೋರಿಗೆ ಮೊಟ್ಟೆ ಗೊತ್ತಿಲ್ಲ. ಯಾವ ಜಡ್ಜಿ ಬಂದಿದ್ರೂ ಕೋಟು ಬಿಚ್ಚಿ ಅಲ್ಲೇ ಇಟ್ಟು ಮನೆಗೆ ಹೋಗ್ತಿದ್ದ.

ನಾಲಿಗೆ ಸುಳ್ಳು ಹೇಳಲ್ಲ

ಕೊನೆಗೆ ಅಜ್ಜಿನೇ ತೀರ್ಮಾನ ಮಾಡಿದ್ರು. "ಬೀಜ ಹಾಕಿದ್ದು ನಾನು ನೋಡಿದೀನಿ. ಬೇಯಿಸೋ. ತಿಂದು ನೋಡೋಣ."

ಬ್ರೌನಿ ಬೆಂತು. ಬಾಳೆಲೆ ಮೇಲೆ ತುಂಡು ಮಾಡಿ ಇಟ್ಟೆ. ಅಜ್ಜಿ ಮಗನ ಕಡೆ ತಿರುಗಿ, "ನಿನಗೇ ತಾನೇ ಅನುಮಾನ? ನೀನೇ ಮೊದಲು ಬಾಯಿಗೆ ಹಾಕು" ಅಂದ್ರು. ನನ್ನ ಹೆಂಡತಿ ಸೆರಗು ಕಚ್ಚಿ ನಿಂತಳು. ಗೌಡರು ಗೋಡೆ ನೋಡ್ತಾ ಇದ್ರು.

ರಾಯರು ಬಾಯಿಗೆ ಹಾಕ್ಕೊಂಡ್ರು. ಕಣ್ಣು ಮುಚ್ಚಿದ್ರು. ನಿಧಾನವಾಗಿ ಅಗಿದ್ರು, ನುಂಗಿದ್ರು, ಇನ್ನೊಂದು ಚೂರು ಹಾಕ್ಕೊಂಡ್ರು. ನನ್ನ ಒಲೆ ಉಳೀತು ಅಂತ ಉಸಿರು ಬಿಡೋದ್ರೊಳಗೆ ಕಣ್ಣು ಬಿಟ್ಟು ಗುಡುಗಿದ್ರು:

"ಇದೆ! ಇದರಲ್ಲಿ ಮೊಟ್ಟೆ ಇದೆ!"

ನನ್ನ ಜೀವ ಒದ್ದೆ ಪಂಚೆ ಜೊತೆ ಜಾರಿತು. "ಸ್ವಾಮಿ, ಆಣೆ ಮಾಡಿ ಹೇಳ್ತೀನಿ..."

"ನಿನ್ನ ಆಣೆ ಯಾರಿಗೆ ಬೇಕಯ್ಯ? ನಾಲಿಗೆ ಸುಳ್ಳು ಹೇಳಲ್ಲ. ಮೊಟ್ಟೆ ಹಾಕಿದ ಕೇಕು ಥೇಟ್ ಹೀಗೇ ಇರತ್ತೆ. ಇದೇ ರುಚಿ, ಇದೇ ಮೆತ್ತಗೆ, ಹೀಗೇ ಬಾಯಲ್ಲಿ ಕರಗತ್ತೆ!"

ಬೀದಿಯೋರೆಲ್ಲ ಅಜ್ಜಿ ಕಡೆ ತಿರುಗಿದ್ರು.

ಅಜ್ಜಿ ಮೆಲ್ಲಗೆ ಕೇಳಿದ್ರು: "ಅದು ನಿನಗೆ ಹ್ಯಾಗೋ ಗೊತ್ತು?"

ರಾಯರು ಕೊಡೆನ ಈ ಕೈಯಿಂದ ಆ ಕೈಗೆ ಬದಲಾಯಿಸಿದ್ರು. "ಅದು... ಆಫೀಸಿನ ಪಾರ್ಟೀಲಿ... ಪಕ್ಕದ ಟೇಬಲ್‌ನೋರು ತಿಂತಾ ಇದ್ರು..."

"ಅವರು ತಿಂದ ರುಚಿ ನಿನ್ನ ನಾಲಿಗೆಗೆ ಬಂತೇನೋ?"

ಸೊಸೆ ಹಿಂದಿನಿಂದ, "ಅದಕ್ಕೇ ಅತ್ತೆ, ಪಾರ್ಟಿ ದಿನ ಮನೆಗೆ ಬಂದು ಹೊಟ್ಟೆ ಸರಿಯಿಲ್ಲ, ಬರೀ ಮಜ್ಜಿಗೆ ಸಾಕು ಅಂತಿದ್ರು" ಅಂದ್ಳು.

ರಾಯರು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡ್ಕೊಂಡ್ರು, ಸೂರಿನ ಕೆಳಗೇ.

ಆಮೇಲೆ ಬೀದಿಯೋರು ಒಬ್ಬೊಬ್ಬರಾಗಿ ತಿಂದ್ರು. ತಿಂದೋರೆಲ್ಲ ಗಟ್ಟಿಯಾಗಿ, ಪಕ್ಕದ ಬೀದಿಗೂ ಕೇಳೋ ಹಾಗೆ, "ಮೊಟ್ಟೆ ಇಲ್ಲ! ಇಂಥ ರುಚಿ ನಾವು ಹುಟ್ಟಿದಾಗಿಂದ ಕಂಡೇ ಇಲ್ಲ!" ಅಂತ ಕೂಗಿ, ಮನೆಗೂ ಕಟ್ಟಿಸ್ಕೊಂಡ್ರು. ಅನುಮಾನ ಇದೆ ಅನ್ನೋಕೆ ಒಬ್ಬರಿಗೂ ಧೈರ್ಯ ಇಲ್ಲ. ಟ್ರೇ ಖಾಲಿ, ಇನ್ನೊಂದು ಟ್ರೇ ಬೇಯಿಸಿದೆ, ಅದೂ ಖಾಲಿ. ಗೌಡರು ಬೂಸಾ ಮರೆತು ತಾವೇ ಪೊಟ್ಟಣ ಕಟ್ಟೋಕೆ ನಿಂತ್ರು.

ಎಲ್ಲರೂ ಹೋದ ಮೇಲೆ ಅಜ್ಜಿ ಒಬ್ಬರೇ ಮಣೆ ಮೇಲೆ ಉಳಿದಿದ್ರು. ಎಲೆ ಮೇಲಿದ್ದ ಕೊನೇ ತುಂಡು ಬಾಯಿಗೆ ಹಾಕ್ಕೊಂಡು, ಅಗಿದು, ತಲೆ ಆಡಿಸಿದ್ರು. ನಾನು ಕೈ ಕಟ್ಟಿ ಕೇಳ್ದೆ: "ಹೇಗಿದೆ ಅಜ್ಜಿ?"

ಅಜ್ಜಿ ಆ ಕಡೆ ಈ ಕಡೆ ನೋಡಿ, ನನ್ನ ಹತ್ರ ಬಗ್ಗಿ, ಪಿಸುಮಾತಲ್ಲಿ ಹೇಳಿದ್ರು:

"ಬೆಣ್ಣೆ ಇನ್ನೊಂಚೂರು ಹಾಕು. ನಿಜವಾದದ್ದು ಇದಕ್ಕಿಂತ ಮೆತ್ತಗಿರತ್ತೆ."