ಹನ್ನೊಂದು ಸೀಟಿನ ಹಾಲ್

ಕಂಡಕ್ಟರ್ ಸಾಹೇಬರ (ಬೀದಿಯವರೆಲ್ಲ ಕರೆಯುವುದೇ ಹಾಗೆ, ಹೆಂಡತಿ ಮಾತ್ರ "ರೀ" ಅನ್ನುವಷ್ಟಕ್ಕೇ ಮುಗಿಸುತ್ತಾಳೆ) ಎದೆಯಲ್ಲಿ ಒಂದು ಮಾತು ಮುಳ್ಳಾಗಿ ಕೂತು ವರ್ಷವಾಗಿತ್ತು. ಆಡಿದವರು ಅವರ ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಮರದ ವ್ಯಾಪಾರಿ. ಅವರ ಮನೆಯ ಹಾಲ್ ಎಷ್ಟು ದೊಡ್ಡದೆಂದರೆ ಈ ಕಡೆಯವರು ಕೆಮ್ಮಿದರೆ ಆ ಕಡೆಯವರಿಗೆ ಕೇಳಿಸುವುದಿಲ್ಲ. ಹೋದ ವರ್ಷ ಸಂಸಾರ ಸಮೇತ ಬಂದ ಆ ಮಹಾನುಭಾವರು ಕಂಡಕ್ಟರ್ ಮನೆಯ ಹಾಲ್ ನಡುವೆ ನಿಂತು, "ಅಯ್ಯೋ, ಇದು ಹಾಲಾ? ಚಪ್ಪಲಿ ಬಿಡೋ ಜಾಗ ಅಂದ್ಕೊಂಡು ಇಲ್ಲೇ ಬಿಟ್ಬಿಟ್ಟೆನಲ್ಲಯ್ಯ!" ಎಂದಿದ್ದರು.

ಎಲ್ಲರೂ ನಕ್ಕಿದ್ದರು. ಹೆಂಡತಿಯೂ ನಕ್ಕಿದ್ದಳು. ಅವತ್ತು ಐದು ಜನಕ್ಕೆ ಕೂರಲು ಜಾಗ ಸಿಕ್ಕಿ, ಉಳಿದವರು ಬಿಸ್ಕತ್ತು ಹಿಡಿದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು.

ಈಗ ಅದೇ ಷಡ್ಡಕರಿಂದ ಫೋನು: ಭಾನುವಾರ ಸಂಜೆ ಬರುತ್ತೇವೆ, ಒಟ್ಟು ಹನ್ನೊಂದು ಜನ.

"ಹನ್ನೊಂದು ಜನಾನ!" ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. "ಎಲ್ರೀ ಕೂರಿಸೋದು?"

"ಹನ್ನೊಂದು ಅಂದ್ರೆ ಏನೇ? ಇಪ್ಪತ್ತೆಂಟು ವರ್ಷ ಸರ್ವಿಸು ನಂದು. ನಲವತ್ತು ಸೀಟಿನ ಗಾಡೀಲಿ ತೊಂಬತ್ತು ಜನರನ್ನ ಕರ್ಕೊಂಡು ಹೋಗಿದೀನಿ. ಒಬ್ಬ ತುಟಿಪಿಟಿಕ್ ಅಂದಿಲ್ಲ."

"ಉಸಿರಾಡೋಕೆ ಆದ್ರೆ ತಾನೇ ತುಟಿಪಿಟಿಕ್ ಅನ್ನೋದು."

ಕಂಡಕ್ಟರ್ ಈ ಕುಹಕವನ್ನು ಕಿವಿಗೆ ಹಾಕಿಕೊಳ್ಳದೆ ಮೂರು ದಿನ ರಜೆ ಹಾಕಿ, ಟೇಪು ಹಿಡಿದು ಹಾಲ್ ಅಳೆದರು. ಎಂಟಡಿ ಅಗಲ, ಒಂಬತ್ತಡಿ ಉದ್ದ. ಸೋಫಾವನ್ನು ಗೋಡೆಗೆ ಹಾಕಿ, ಎದುರಿಗೆ ಕುರ್ಚಿಗಳನ್ನು ಸುತ್ತಲೂ ಇಡೋಣ ಎಂದಳು ಹೆಂಡತಿ. ಎಲ್ಲರೂ ಮುಖ ಮುಖ ನೋಡಿಕೊಂಡು ನಾಲ್ಕು ಮಾತಾಡಲಿ ಎಂಬುದು ಅವಳ ಆಸೆ. ಅಕ್ಕನ ಜೊತೆ ಮಾತಾಡಿ ಅವಳಿಗೂ ವರ್ಷವಾಗಿತ್ತು.

"ಮುಖ ಮುಖ ನೋಡ್ಕೊಂಡು ಕೂತ್ರೆ ಮೊಣಕಾಲು ಮೊಣಕಾಲು ಹೊಡೀತವೆ," ಎಂದರು ಕಂಡಕ್ಟರ್. "ಜಾಗ ತಿನ್ನೋದು ಮನುಷ್ಯ ಅಲ್ಲ ಕಣೇ, ಅವನ ಮೊಣಕಾಲು. ಎಲ್ಲರ ಮೊಣಕಾಲನ್ನೂ ಒಂದೇ ಕಡೆ ತಿರುಗಿಸು, ಇನ್ನಿಬ್ರು ಹಿಡಿಸ್ತಾರೆ."

ಅಂತೂ ಆ ಘನಕಾರ್ಯ ನಡೆದೇ ಹೋಯಿತು. ಹಿಂದಿನ ಗೋಡೆಗೆ ಸೋಫಾ, ಮೂರು ಜನ. ಅದರ ಮುಂದೆ ಎದುರುಮನೆ ಟೈಲರ್ ಹತ್ತಿರ ಕೇಳಿ ತಂದ ಎರಡು ಬೆಂಚು, ಅದರ ಮುಂದೆ ಮನೆಯ ನಾಲ್ಕು ಕುರ್ಚಿ. ಮುಂದಿನ ಎರಡೂ ಸಾಲಿನಲ್ಲಿ ಆ ಕಡೆ ಇಬ್ಬರು, ಈ ಕಡೆ ಇಬ್ಬರು, ನಡುವೆ ಒಂದು ಗೇಣು ದಾರಿ. ಎಲ್ಲವೂ ಬೀದಿ ಬಾಗಿಲ ಕಡೆ ಮುಖ. ಹೂಕುಂಡಗಳು ನೆಲ ಬಿಟ್ಟು ಸೂರಿನ ಕೆಳಗಿನ ಹಲಗೆ ಸೇರಿದವು. ಕಿಟಕಿಗೂ ಬಾಗಿಲಿಗೂ ಹಸಿರು ಪರದೆ, ಬಾಗಿಲ ಮೇಲೆ ಬಣ್ಣದ ಬಲ್ಬು, ಅದರ ಪಕ್ಕ ಉದ್ದದ ಕನ್ನಡಿ. (ಕನ್ನಡಿ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, "ಹಿಂದಿನೋರು ಕಾಣ್ಬೇಡ್ವೇನೇ?" ಎಂದರು.) ಮುಗಿದ ಮೇಲೆ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟು ನೋಡಿದರು. ಕಣ್ಣು ತುಂಬಿ ಬಂತು. ಅವರ ಅಪ್ಪ ಕಟ್ಟಿಸಿದ ಮನೆ. ಆ ಹಾಲ್ ಇಷ್ಟು ಲಕ್ಷಣವಾಗಿ ಎಂದೂ ಕಂಡಿರಲಿಲ್ಲ.

ಭಾನುವಾರ ಸಂಜೆ ಹನ್ನೊಂದು ಜನರೂ ಬಂದರು. ಕಂಡಕ್ಟರ್ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಷಡ್ಡಕರ ತಾಯಿ, ಆ ವಯಸ್ಸಾದ ಅಜ್ಜಿ, ಸೋಫಾದ ಮೂಲೆಗೆ, ಮಕ್ಕಳು ಬೆಂಚಿಗೆ, ಅತ್ತಿಗೆ (ಹೆಂಡತಿಯ ಅಕ್ಕ) ಕಿಟಕಿ ಪಕ್ಕ, ಷಡ್ಡಕರಿಗೆ ಮೊದಲನೇ ಸಾಲಿನ ಸಿಂಹಾಸನ. ಎರಡು ನಿಮಿಷದಲ್ಲಿ ಹನ್ನೊಂದು ಜನರೂ ಕೂತಿದ್ದರು! ಕಂಡಕ್ಟರ್ ಬಾಗಿಲ ಬಳಿ ಪರದೆಯ ಸರಳು ಹಿಡಿದು ನಿಂತು ಒಂದು ಸಲ, ಎರಡು ಸಲ ಎಣಿಸಿದರು.

ಷಡ್ಡಕರು ಕತ್ತು ತಿರುಗಿಸಿ ಹಿಂದೆ ನೋಡಿದರು, ಮೇಲೆ ನೋಡಿದರು. "ಭೇಷ್ ಕಣಯ್ಯ! ಎಲ್ರೂ ಕೂತ್ವಲ್ಲ! ಇಕ್ಕಟ್ಟು ಅನ್ನೋ ಹಾಗೇ ಇಲ್ಲ."

ಆಹಾ! ವರ್ಷದ ಮುಳ್ಳು ಆ ಕ್ಷಣವೇ ಉದುರಿತು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಎಲ್ಲಾ ಇವರೇ ಮಾಡಿದ್ದು ಭಾವ," ಎಂದಳು. ದನಿಯಲ್ಲಿ ಹೆಮ್ಮೆ ಇತ್ತು, ಸುಳ್ಳು ಹೇಳಬಾರದು. "ಟೀ ತಂದೆ, ಒಂದೇ ನಿಮಿಷ ಅಕ್ಕ," ಎಂದು ಒಳಗೋಡಿದಳು.

ಆಮೇಲೆ ಯಾರೂ ಮಾತಾಡಲಿಲ್ಲ. ಮುಂದಿನವರ ಬೆನ್ನಿನ ಜೊತೆ ಏನು ಮಾತಾಡುವುದು? ಅತ್ತಿಗೆ ಕಿಟಕಿಯಾಚೆ ನೋಡುತ್ತಾ ಕೂತರು. ಇಬ್ಬರು ತೂಕಡಿಸಿದರು. ಕಂಡಕ್ಟರಿಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ.

ಅಷ್ಟರಲ್ಲಿ ಮೂಲೆಯಿಂದ ಅಜ್ಜಿ, "ಕಾಲು ಹಿಡ್ಕೊಂಡಿದೆ ಕಣಪ್ಪಾ, ಒಂದು ಗಳಿಗೆ ಎದ್ದು ಹೊರಗೆ ನಿಂತ್ಕೋತೀನಿ," ಎಂದರು.

ಅಜ್ಜಿ ಏಳಬೇಕಾದರೆ ಪಕ್ಕದ ಇಬ್ಬರು ಏಳಬೇಕು. ಅವರು ಎದ್ದರೆ ನಿಲ್ಲಲು ಬೆಂಚಿನವರು ಸರಿಯಬೇಕು. ಬೆಂಚಿನವರು ಸರಿಯಲು ಮೊದಲನೇ ಸಾಲು ಖಾಲಿಯಾಗಬೇಕು. ಇಂಥ ಸಂದರ್ಭ ಕಂಡಕ್ಟರಿಗೆ ಹೊಸದೇ? ಇಪ್ಪತ್ತೆಂಟು ವರ್ಷದ ಗಂಟಲು ತಾನಾಗಿ ತೆರೆಯಿತು.

"ಇಳಿಯೋರಿದಾರೆ, ದಾರಿ ಬಿಡ್ರೀ! ಮೊದಲನೇ ಸಾಲು ಇಳೀರಿ! ಬೇಗ ಬೇಗ! ಬ್ಯಾಗು, ಮಕ್ಕಳು ನೋಡ್ಕೊಳ್ಳಿ, ಏನೂ ಬಿಡ್ಬೇಡಿ!"

ತೂಕಡಿಸುತ್ತಿದ್ದವರು ಗಡಬಡಿಸಿ ಎದ್ದರು. ಬ್ಯಾಗು ಹೆಗಲಿಗೆ, ಮಗು ಸೊಂಟಕ್ಕೆ. ಸಾಲು ಸಾಲಾಗಿ, ಒಬ್ಬರ ಕಾಲು ಒಬ್ಬರು ತುಳಿಯದೆ, ಅಜ್ಜಿಯನ್ನೂ ಕೈಹಿಡಿದು ಇಳಿಸಿಕೊಂಡು, ಹನ್ನೊಂದು ಜನರೂ ಬೀದಿಗೆ ಬಂದು ನಿಂತರು. ನಿಂತವರು ಬಟ್ಟೆ ಸರಿಮಾಡಿಕೊಂಡರು. ಕೈಯಲ್ಲಿ ಬ್ಯಾಗು, ಕಾಲಡಿಯಲ್ಲಿ ರಸ್ತೆ. ಮುಂದೇನು ಮಾಡುವುದೆಂದು ಯಾರಿಗೂ ಯೋಚಿಸುವ ಅಗತ್ಯ ಬೀಳಲಿಲ್ಲ.

"ಬರ್ತೀವಯ್ಯ," ಷಡ್ಡಕರು ಕಂಡಕ್ಟರ ಕೈ ಕುಲುಕಿದರು. "ಪ್ರಯಾಣ ಸುಖವಾಗಿತ್ತು."

"ಆಗ್ಲಿ ಅಣ್ಣ, ಹುಷಾರು," ಎಂದು ಕಂಡಕ್ಟರ್ ಕೈಬೀಸಿ, ತೃಪ್ತಿಯಿಂದ ಒಳಗೆ ತಿರುಗಿದರೆ, ಹಾಲ್ ನಡುವೆ ಹೆಂಡತಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹನ್ನೊಂದು ಲೋಟ ಟೀ.

"ಅಕ್ಕ ಎಲ್ರೀ?"

"ಇಳಿದ್ರಲ್ಲ..."

"ಇಳಿದ್ರಾ? ಎಲ್ಲಿಂದ ಇಳಿದ್ರು? ಮನೆಯಿಂದಾನಾ?"

ಕಂಡಕ್ಟರ್ ಹಾಲನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಆಗ ಹೊಳೆಯಿತು. ಓಡಿ ಬೀದಿಗೆ ಹೋಗಿ ನೋಡಿದರೆ ತಿರುವಿನಲ್ಲಿ ಯಾರೂ ಇಲ್ಲ.

"ಒಂದು ಮಾತು ಆಡ್ಲಿಲ್ಲ ನಾನು ಅಕ್ಕನ ಹತ್ರ," ಎಂದಳು ಹೆಂಡತಿ. ಅಳು ಬರುವ ಹಾಗಿತ್ತು, ಬಂದದ್ದು ಸಿಟ್ಟು. ಒಂದೊಂದು ಸೀಟಿನ ಮೇಲೂ ಒಂದೊಂದು ಲೋಟ ಇಟ್ಟಳು. "ಕೂತ್ಕೊಂಡು ಹನ್ನೊಂದೂ ನೀವೇ ಕುಡೀರಿ. ಒಂದು ತೊಟ್ಟೂ ಚೆಲ್ಲೋ ಹಾಗಿಲ್ಲ."

ಕಂಡಕ್ಟರ್ ಸೋಫಾದ ಮೂಲೆಯಿಂದ ಶುರುಮಾಡಿದರು. ನಾಲ್ಕನೇ ಲೋಟಕ್ಕೆ ಕಿಟಕಿ ಪಕ್ಕ ಬಂದರು. ಗಾಳಿ ಚೆನ್ನಾಗಿ ಬೀಸುತ್ತಿತ್ತು, ಕಾಲು ಚಾಚಲೂ ಜಾಗವಿತ್ತು. ತಡೆಯಲಾಗಲಿಲ್ಲ.

"ಏನೇ ಹೇಳು, ಈ ಸೀಟು ಮಾತ್ರ ಭಾರಿ ಆರಾಮಾಗಿದೆ ಕಣೇ."

ಹೆಂಡತಿ ಬಾಗಿಲ ಬಳಿ ಸರಳು ಹಿಡಿದು ನಿಂತಿದ್ದಳು.

"ಮುಂದೆ ಹೋಗ್ರೀ," ಎಂದಳು, "ಮುಂದೆ ಇನ್ನೂ ಏಳು ಸೀಟಿದೆ!"