ಹೊನ್ನಾಳಿಗೆ ಹಾಕಿ ನೋಡಲು ಕಲಿಸಿದ್ದು

ಆಟ ಕಲಿಸುವ ಕೆಲಸದಲ್ಲಿರುವವರು ನಗುವಿಗಾಗಿ ಎಲ್ಲೂ ಹುಡುಕಬೇಕಿಲ್ಲ. ಆಟ ನೋಡಲು ಬರುವವರೇ ಸಾಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಹುಡುಗಿಯರ ಹಾಕಿ ತಂಡ ಕಟ್ಟಿದೆ. ಮೊದಲ ಪಂದ್ಯದಲ್ಲೇ ಗಂಡಸರ ಕೂಗಾಟ ಕೇಳಲಾಗದೆ ಹುಡುಗಿಯರು ಅತ್ತುಬಿಟ್ಟರು. ಹೆಡ್ಮಾಸ್ತರು ನನ್ನನ್ನು ಕರೆದರು.

“ಮುಂದಿನ ತಿಂಗಳು ಚನ್ನಗಿರಿಯವರ ಜೊತೆ ಪಂದ್ಯ ಐತೆ. ಅವತ್ತೂ ಗಲಾಟೆ ಆದ್ರೆ ಹುಡುಗೀರ ಹಾಕಿ ಬಂದ್ ಕಣಮ್ಮ.”

ನಮ್ಮ ಹುಡುಗಿಯರಿಗೆ ಆಡಲು ಬರುತ್ತಿತ್ತು, ಊರಿಗೆ ನೋಡಲು ಬರುತ್ತಿರಲಿಲ್ಲ. ಊರಿಗೇ ಪಾಠ ಹೇಳೋಣ ಎಂದು ಹೊರಟೆ.

೧. ಕಾವಲಿಗೆ ನಿಂತವಳು

ನಮ್ಮ ಗೋಲ್‌ಕೀಪರ್ ಹುಡುಗಿಯ ಅಜ್ಜಿ ಮೊದಲ ಪಂದ್ಯಕ್ಕೆ ಬಂದಿದ್ದರು. ಮರುದಿನ ಮನೆಗೆ ಹೋದರೆ ಮುಖ ಗಂಟು ಹಾಕಿಕೊಂಡು ಕೂತಿದ್ದರು.

“ಎಲ್ಲಾ ಹುಡುಗೀರೂ ಓಡಾಡಿ ಆಡ್ತಾರೆ. ನಮ್ಮ ಮೊಮ್ಮಗಳನ್ನ ಯಾಕೆ ಟೀಚರಮ್ಮ ಮೂಲ್ಯಾಗೆ ಕಾವಲಿಗೆ ನಿಲ್ಸೀರಿ? ಸಾಬರ ಹುಡುಗಿ ಅಂತಾನಾ?”

ಅವಳು ನಿಂತಿರುವುದು ತಂಡದಲ್ಲೇ ದೊಡ್ಡ ಜಾಗ, ಅವಳು ಬಿಟ್ಟರೆ ಊರಿನ ಮಾನ ಹೋಗುತ್ತದೆ ಎಂದು ವಿವರಿಸಿದೆ. ಕಾಲಿಗೆ ಕಟ್ಟುವ ದಪ್ಪ ಪ್ಯಾಡು ತೋರಿಸಿದೆ. ಅಜ್ಜಿ ಅದನ್ನು ಒತ್ತಿ ನೋಡಿದರು, ತಿರುಗಿಸಿ ನೋಡಿದರು. ಮುಖ ಅರಳಿತು.

ಸಂಜೆಯೊಳಗೆ ಓಣಿಯಲ್ಲೆಲ್ಲಾ ಹೇಳಿಕೊಂಡು ಬಂದಿದ್ದರು: “ಉಳಿದೋರು ಬರೀ ಓಡಾಡಾಕೆ ಇರೋರು. ನಮ್ಮೋಳು ಆಫೀಸರ್ರು, ನಿಂತಲ್ಲೇ ಕೆಲಸ!”

೨. ಸೌಟಿನ ಪಾಠ

ಗಂಡಸರ ನಡುವೆ ನಿಂತು ಆಟ ನೋಡಲು ಹೆಂಗಸರಿಗೆ ಸಂಕೋಚ. ಶಾಲೆಯ ಜಗಲಿ ಅವರಿಗೇ ಮೀಸಲೆಂದು ಹೇಳಿ, ಅಜ್ಜಿಯ ಅಂಗಳದಲ್ಲಿ ಹತ್ತಾರು ಜನರನ್ನು ಸೇರಿಸಿದೆ. ಹಾಕಿ ಕೋಲಿನ ಚಪ್ಪಟೆ ಬದಿಯಿಂದಲೇ ಚೆಂಡು ಹೊಡೆಯಬೇಕು, ಉಬ್ಬಿದ ಬದಿ ತಾಗಿದರೆ ತಪ್ಪು ಎಂದೆ.

“ಯಾಕ್ರೀ ಹಂಗೆ?” ಎಂದು ಒಬ್ಬರು ಕೇಳಿದರು. ಡ್ರಿಲ್ ಟ್ರೇನಿಂಗಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಎದುರು ಮನೆಯ ಅಡಿಕೆ ವ್ಯಾಪಾರಿಯ ಹೆಂಡತಿ ಒಳಗೆ ಹೋಗಿ ಸೌಟು ತಂದರು. “ಇದರ ಬೆನ್ನಿನಿಂದ ಸಾರು ಬಡಿಸಾಕಾಗುತ್ತೇನೇ? ಅಷ್ಟೇ ನೋಡು.”

ಎಲ್ಲರಿಗೂ ತಿಳಿದುಹೋಯಿತು. ಮರುದಿನ ಮೈದಾನಕ್ಕೆ ನಾನೂ ಮನೆಯಿಂದ ಒಂದು ಸೌಟು ಹಿಡಿದುಕೊಂಡೇ ಹೋದೆ.

೩. ಸೀಟಿಯ ಕಾವಲುಗಾರ

ಇನ್ನು ಉಳಿದವರು ಗಂಡಸರು. ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳು ಚಹಾ ಕುಡಿದು ನೇರ ಮೈದಾನಕ್ಕೆ ಬಂದು, ಮೋಜಿಗೆ ತಮ್ಮ ಸೀಟಿ ಊದುತ್ತಿದ್ದರು. ಅಂಪೈರ್ ಊದಿದ್ದೆಂದು ಹುಡುಗಿಯರು ಆಟ ನಿಲ್ಲಿಸಿಬಿಡುತ್ತಿದ್ದರು. ಅವರೆಲ್ಲ ಚಹಾ ಕುಡಿಯುವ ಹೋಟೆಲಿನ ಮಾಲೀಕರ ಬಳಿ ಹೋದೆ. ಅವರು ಗಲ್ಲಾ ಬಿಟ್ಟು ಎದ್ದು ಬಂದು, ಕುತೂಹಲದಿಂದ ಎಲ್ಲ ಕೇಳಿಸಿಕೊಂಡರು.

“ಹಂಗಾದ್ರೆ ಅಂಪೈರ್ ಬಿಟ್ಟು ಯಾರೂ ಊದಂಗಿಲ್ಲ. ನನಗೆ ಬಿಡ್ರಿ ಟೀಚರ್.”

ಪಂದ್ಯದ ದಿನ ಜಗಲಿ ತುಂಬಾ ಹೆಂಗಸರು. ಹೋಟೆಲ್ ಮಾಲೀಕರು ಗೆರೆಯುದ್ದಕ್ಕೂ ಪಹರೆ ತಿರುಗುತ್ತಿದ್ದರು. ಒಂದೇ ಒಂದು ಕೆಟ್ಟ ಮಾತಿಲ್ಲ. ನನ್ನ ಜೀವಕ್ಕೆ ಹಾಯೆನಿಸಿತು.

ಅಷ್ಟರಲ್ಲಿ ನಮ್ಮ ಹುಡುಗಿ ಚೆಂಡು ನುಗ್ಗಿಸಿಕೊಂಡು ಚನ್ನಗಿರಿಯವರ ಗೋಲಿನ ಹತ್ತಿರ ಹೋದಳು. ಅಲ್ಲಿ ಖಾಕಿ ಪ್ಯಾಂಟು ತೊಟ್ಟವರೊಬ್ಬರು ಜೋರಾಗಿ ಸೀಟಿ ಊದಿದರು. ಮಾಲೀಕರು ಒಂದೇ ನೆಗೆತಕ್ಕೆ ಒಳನುಗ್ಗಿ ಅವರ ಸೀಟಿ ಕಿತ್ತುಕೊಂಡರು.

“ಬಸ್ಸು ಬಿಟ್ಟು ಇಲ್ಲೇನ್ರೀ ನಿಮ್ಮ ಕೆಲಸ? ಹುಡುಗೀರು ಆಡ್ತಿದಾರೆ, ನಾಚಿಕೆ ಆಗಲ್ವಾ?”

ಹಾಕಿಯಲ್ಲಿ ಅಂಪೈರುಗಳು ಇಬ್ಬರು ಎಂಬುದನ್ನು ಮಾಲೀಕರಿಗೆ ಹೇಳಲು ನಾನು ಮರೆತಿದ್ದೆ! ಇವರು ಎರಡನೆಯವರು, ಚನ್ನಗಿರಿಯ ಡ್ರಿಲ್ ಮಾಸ್ತರು.

ಹೆಡ್ಮಾಸ್ತರು ದಾಪುಗಾಲು ಹಾಕುತ್ತಾ ಬಂದರು. ತಂಡ ಮುಗಿಯಿತು ಎಂದುಕೊಂಡೆ, ಅಳುವೇ ಬಂತು. ತಡವರಿಸುತ್ತಾ ಎಲ್ಲ ಹೇಳಿದೆ. ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು.

“ಗಲಾಟೆ ಆಗಬಾರದು ಅಂತ ಗಲಾಟೆ ಮಾಡಿದೋರನ್ನ ಇವತ್ತೇ ನೋಡಿದ್ದು. ತಂಡ ಇರಲಿ ಕಣಮ್ಮ.”

ಮಾಲೀಕರು ಸೀಟಿಯನ್ನು ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಅಂಪೈರಿಗೆ ಒಪ್ಪಿಸಿದರು.

“ತಪ್ಪಾಯ್ತು ಸಾರ್, ನೀವು ಊದ್ರಿ. ಆದ್ರೆ ಸ್ವಲ್ಪ ಮೆತ್ತಗೆ ಊದ್ರಿ. ನಮ್ಮ ಹುಡುಗಿ ಗೋಲ್ ಹೊಡ್ಯಾಕೆ ಹೋಗ್ತಿದ್ಲು, ಅವಳಿಗೆ ಕೇಳಿಸಬಾರದು.”